ಅಪ್ಪನ ಸಂಖ್ಯೆ

ಹೋಬಾರ್ಟಿನ ಆಸ್ಪತ್ರೆಯಲ್ಲಿ ಲಿಫ್ಟಿಗೆ ಕಾಯುತ್ತಿದ್ದೆ. ಮುಂದೆ ನಿಂತಿದ್ದ ಯಾರೋ ಅಕ್ಕ, ತಮ್ಮ ಪಿಸುಗುಡುತ್ತಿದ್ದರು.

"ಅಕ್ಕಾ, ಅಪ್ಪನ ಆ ಮೂವತ್ತಂಕಿ ಸಂಖ್ಯೆ ಅವಿಭಾಜ್ಯ ಅಲ್ವೇ ಅಲ್ಲ. ಕಂಪ್ಯೂಟರಿಗೆ ಹಾಕ್ದೆ, ಕಣ್ಣು ಮಿಟುಕಿಸೋದ್ರೊಳಗೆ ಎರಡು ತುಂಡಾಯ್ತು."

"ಅಯ್ಯೋ ಡೆಸ್ಮಂಡ್! ಜೀವಮಾನವಿಡೀ ಕೈಲೇ ಭಾಗಿಸಿ ನೋಡಿದ್ನಲ್ಲೋ!"

"ಆ ತುಂಡುಗಳೇ ಹದಿನೈದಂಕಿಯವು. ಅಲ್ಲೀವರೆಗೆ ಭಾಗಿಸೋಕೆ ಯಾರ ಆಯಸ್ಸೂ ಸಾಲಲ್ಲ."

"ಸಮಾಧಿ ಕಲ್ಲಿನ ಮೇಲೆ ಅದನ್ನೇ ಕೆತ್ತಿಸಿ ಅಂದಿದಾನೆ."

"ಅದಕ್ಕೇ, ನೀನೇ ಹೇಳಿಬಿಡು. ಅವನ ಮುದ್ದಿನ ಮಗಳು."

"ಮುದ್ದಿನ ಮಗಳಂತೆ! ನಿನ್ನೆ ನನ್ನನ್ನ ನೋಡಿ ಯಾರಮ್ಮ ನೀನು ಅಂದ. ಆಮೇಲೆ ಆ ಸಂಖ್ಯೆನ ಒಂದಂಕಿಯೂ ತಪ್ಪದೆ ಒಪ್ಪಿಸಿದ."

ಲಿಫ್ಟ್ ಬಂತು. ನಾನೊಬ್ಬನೇ ಹತ್ತಿದೆ.