ಟೀನಾಳ ಫೋಟೋ ಅಂಟಿಸಿದ ಹಳದಿ ಬಾಟಲಿಗಳು

ಹೆಸರು ಮೌರಿಸ್ ಲುವಿಸ್, ತಂದೆ ದಿವಂಗತ ಎಡ್ವಿನ್, ವಯಸ್ಸು 63, ವಾಸ ಕಲ್ಯಾಣಪುರ. ಉದ್ಯೋಗ: ಕುವೈತಿನ ಎಣ್ಣೆ ಬಾವಿಗಳೆಲ್ಲ ನನ್ನ ಮಾತಿನ ಮೇಲೆ ನಡೆಯುತ್ತಿದ್ದವು, ಸದ್ಯ ಮನೆಯಲ್ಲಿದ್ದೇನೆ. ಈ ಮೂಲಕ ತಿಳಿಸುವುದೇನೆಂದರೆ,

ನನ್ನ ಅಣ್ಣನ ಮಗಳು ಟೀನಾ ಮಣಿಪಾಲದ ಒಂದು ಲ್ಯಾಬಿನಲ್ಲಿ ಸಂಶೋಧನೆ ಮಾಡುತ್ತಾಳೆ. ಜೀವಕೋಶದ ಪೊರೆಯ ಗುಟ್ಟು ತಿಳಿಯಲು ಕೊಬ್ಬಿನಿಂದ ಕಣ್ಣಿಗೆ ಕಾಣದ ಗುಳ್ಳೆಗಳನ್ನು ಮಾಡಿ ಒಳಗೆ ಹಳದಿ ಬಣ್ಣ ತುಂಬುವುದು ಅವಳ ಕೆಲಸ. ಹೊರಗುಳಿದ ಬಣ್ಣವನ್ನು ಬೇರ್ಪಡಿಸಲು, ನೆನೆಸಿದ ಸಾಬಕ್ಕಿಯಂತಹ ಆದರೆ ತೀರ ಸಣ್ಣ ಮಣಿಗಳು ತುಂಬಿದ ಗಾಜಿನ ಕೊಳವೆಯಲ್ಲಿ ಎಲ್ಲವನ್ನೂ ಇಳಿಸುತ್ತಾಳೆ. ಜನವರಿಯಲ್ಲಿ ಇದನ್ನು ಕಣ್ಣಾರೆ ನೋಡಿದ್ದೇನೆ. ಗುಳ್ಳೆಗಳು ಮಬ್ಬು ಹಳದಿಯಾಗಿ ಮೊದಲು ಬಂದವು, ಬರೀ ಬಣ್ಣ ಹಿಂದೆ ಬಿತ್ತು. ದೊಡ್ಡದು ಮೊದಲು ಬರುವುದು ಹೇಗೆಂದು ಕೇಳಿದೆ. ಮಣಿಗಳಲ್ಲಿ ತೂತುಗಳುಂಟು, ಗುಳ್ಳೆ ಅದರಲ್ಲಿ ಹಿಡಿಯುವುದಿಲ್ಲ, ಬಣ್ಣ ಪ್ರತಿ ತೂತಿಗೂ ಹೊಕ್ಕು ತಡಮಾಡುತ್ತದೆ ಎಂದಳು. ನನ್ನ ಹೆಂಡತಿ ಲೊರ್ನಾ ಉಡುಪಿಯಲ್ಲಿ ಎಲ್ಲ ಅಂಗಡಿಗೂ ಹೊಕ್ಕು ನನ್ನ ಹಿಂದೆ ಬಸ್‌ಸ್ಟ್ಯಾಂಡಿಗೆ ಬರುವ ಹಾಗೆ ಎಂದೆ. "ಆಂಟಿ ಹತ್ರ ಹೇಳ್ತೇನೆ ನೋಡಿ ಬಾಪ್ಪು" ಎಂದು ಚಿಕ್ಕಪ್ಪನಾದ ನನ್ನನ್ನೇ ಹೆದರಿಸಿದಳು.

ಫೆಬ್ರವರಿಯಲ್ಲಿ ಕಾಪುವಿನ ಒಂದು ಮದುವೆ ಊಟದಲ್ಲಿ ಇದನ್ನು ನಾನೇ ಕಂಡುಹಿಡಿದವನ ಹಾಗೆ ಹೇಳಿದೆ. ಪಕ್ಕದಲ್ಲಿದ್ದ ಫೌಸ್ಟಿನ್ ಎಂಬವನು ಟೀನಾಳ ಫೋಟೋ ಕೇಳಿದ, ಕಳುಹಿಸಿದೆ. ಮರುವಾರ ಮನೆಗೆ ಬಂದು, ಅಂಥದ್ದೇ ಗುಳ್ಳೆಗಳ ಮಂಡಿನೋವಿನ ಔಷಧದ ಕಾರ್ಕಳ ಏಜೆನ್ಸಿ ಖಾಲಿ ಉಂಟು ಎಂದ. "ನಿಮಗಲ್ಲದೆ ಮತ್ಯಾರಿಗೆ ಕೊಡುವುದು ಮಾರಾಯ್ರೆ?" ಎಂದ ಮೇಲೆ ಟೀನಾಳನ್ನು ಕೇಳಬೇಕೆಂದು ನನಗೆ ತೋರಲಿಲ್ಲ, ಹಣ ಕೊಟ್ಟು ಏಜೆನ್ಸಿ ಹಿಡಿದೆ.

ಬಂದ ಬಾಟಲಿಗಳ ಮೇಲೆ ಟೀನಾಳ ಫೋಟೋ, ಲ್ಯಾಬಿನ ಹೆಸರು ಇದ್ದವು. ನನಗೆ ಹೆಮ್ಮೆಯಾಯಿತು. ಬಜಗೋಳಿಯ ಮೆಡಿಕಲ್ ಅಂಗಡಿಯಲ್ಲಿ ಒಂದನ್ನು ತೋರಿಸಿದೆ. ಅಂಗಡಿಯವರು ಲ್ಯಾಬಿಗೆ ಫೋನ್ ಮಾಡಿದರು. ಟೀನಾಳ ಗೈಡ್ ಶ್ರೀವಾಣಿ ಮೇಡಂ, ಲ್ಯಾಬಿನ ಮಾಲು ಹೊರಗೆ ಮಾರುವವಳು ಇನ್ನು ಒಳಗೆ ಬರುವುದು ಬೇಡ ಎಂದರು.

ಒಂದೇ ಒಂದು ಪರೀಕ್ಷೆಗೆ ಬಿಡಿ ಎಂದು ಟೀನಾ ಬೇಡಿದಳು. ನನ್ನನ್ನು ಬಾಟಲಿಗಳ ಸಮೇತ ಲ್ಯಾಬಿಗೆ ಕರೆಸಿ, ಮೇಡಂ ಎದುರಿಗೇ ಒಂದು ಬಾಟಲಿಯ ಔಷಧವನ್ನು ಕೊಳವೆಯಲ್ಲಿ ಇಳಿಸಿದಳು. ನಾನು ಬಗ್ಗಿ ನೋಡುತ್ತಿದ್ದೆ. ಗುಳ್ಳೆ ಬರಬೇಕಾದ ಹೊತ್ತಿಗೆ ಬರೀ ನೀರು ಬಂತು. ಹಳದಿಯೆಲ್ಲ ಕೊನೆಗೆ, ತಿಳಿಯಾಗಿ ಬಂತು. ಇನ್ನೊಂದು ಬಾಟಲಿ ಹಾಕು ಎಂದೆ. ಅದೂ ಹಾಗೆಯೇ. "ಎಂತ ಬಾಪ್ಪು, ಬಣ್ಣದ ನೀರಿಗೆ ನನ್ನ ಮುಖ ಅಂಟಿಸಿದ್ದೀರಲ್ಲ" ಎಂದಳು. ಅವಳು ಅಳುವುದನ್ನು ನಾನು ಮೊದಲು ನೋಡಿರಲಿಲ್ಲ.

ಮಾಲು ಲ್ಯಾಬಿನದ್ದಲ್ಲವೆಂದು ಮೇಡಂ ಒಪ್ಪಿದರು. ಆದರೆ ವ್ಯವಹಾರದಲ್ಲಿ ಟೀನಾಳ ಪಾಲಿಲ್ಲವೆಂದು ಪೊಲೀಸರು ಹೇಳಿದ ಮೇಲೆಯೇ ಅವಳನ್ನು ಒಳಗೆ ಸೇರಿಸುತ್ತಾರಂತೆ. ಫೌಸ್ಟಿನ್‌ಗೆ ಐದು ಸಾವಿರ ಕೊಟ್ಟೆನೆಂದು ನಾನು ಮನೆಯಲ್ಲೂ ಈ ಠಾಣೆಯಲ್ಲೂ ಹೇಳಿದ್ದೆ. ಖಾತೆಯಿಂದ ಅದಕ್ಕಿಂತ ಹೆಚ್ಚು ಹೋಗಿದೆ, ಉಳಿದದ್ದು ಟೀನಾಳಿಗೋ ಎಂದು ತಾವು ಕೇಳಿದಿರಿ. ಅವಳಿಗೆ ಒಂದು ರೂಪಾಯಿಯೂ ಹೋಗಿಲ್ಲ.

ಬರೆದುಕೊಂಡದ್ದನ್ನು ಓದಿಸಿ ಕೇಳಿದೆ. ಐದು ಸಾವಿರ ಎಂಬುದು ಸುಳ್ಳು. ಫೌಸ್ಟಿನ್‌ಗೆ ನಾನು ಕೊಟ್ಟದ್ದು ಮೂರು ಲಕ್ಷದ ಹತ್ತು ಸಾವಿರ.

ಸ್ಥಳ: ಉಡುಪಿ
ದಿನಾಂಕ: 12-03-2025
ಸಹಿ: ಮೌರಿಸ್ ಲುವಿಸ್