ವಾಯರು ಕತ್ತರಿಸಿದ ಬ್ಯಾಟರಿ ಗಾಡಿ

ನನ್ನ ಹೆಸರು ಅಕ್ಕವ್ವ ಕೋಂ ಮುರಗೆಪ್ಪ ಕಮತೆ, ವಯಸ್ಸು 59, ಉದ್ಯೋಗ ಒಕ್ಕಲುತನ ಹಾಗೂ ಬ್ಯಾಟರಿ ಸ್ಕೂಟರ್ ಅಂಗಡಿಯ ಮಾಲಕಿ, ಸಾ: ಚಿಕ್ಕೋಡಿ. ಹತ್ತನೇ ಇಯತ್ತೆಯವರೆಗೆ ಓದಿದ್ದೇನೆ. ನನ್ನ ಪತಿ ತೀರಿಕೊಂಡ ಮೇಲೆ ಹೊಲ, ಮನೆ, ಅಂಗಡಿ ಮೂರೂ ನನ್ನ ಹೆಸರಿನಲ್ಲಿವೆ ಮತ್ತು ನನ್ನ ಮಾತಿನಂತೆ ನಡೆಯುತ್ತವೆ. ಇಂದು ಠಾಣೆಗೆ ನಾನಾಗಿಯೇ ಬಂದಿದ್ದೇನೆ. ಯಾರೂ ಕರೆಸಿಲ್ಲ. ಈ ಮೂಲಕ ತಿಳಿಸುವುದೇನೆಂದರೆ,

ಅಂಗಡಿಯನ್ನು ನನ್ನ ಮಗ ಸಿದ್ದಲಿಂಗ ನೋಡಿಕೊಳ್ಳುತ್ತಾನೆ. ರಿಪೇರಿ ಕೆಲಸ ಕಾಮಣ್ಣನದು. ನಾವು ಮಾರುವುದು ತಾಸಿಗೆ ಇಪ್ಪತ್ತೈದು ಕಿಲೋಮೀಟರು ಮೀರದ ಗಾಡಿ. ಅದಕ್ಕೆ ಲೈಸನ್ಸ್ ಬೇಡ, ಆರ್.ಟಿ.ಓ. ಪಾಸಿಂಗ್ ಬೇಡ, ನಂಬರ್ ಪ್ಲೇಟ್ ಇಲ್ಲ. ಹಳ್ಳಿಗಳಿಂದ ಡೇರಿಗೆ ಹಾಲು ತರುವವರು ಇದನ್ನು ಹೆಚ್ಚಾಗಿ ಕೊಳ್ಳುತ್ತಾರೆ. ಡೇರಿಯವರು ಹಾಲು ತೆಗೆದುಕೊಳ್ಳುವುದನ್ನು ನಿಲ್ಲಿಸುವುದರೊಳಗೆ ಈ ಗಾಡಿಯಲ್ಲಿ ಮುಟ್ಟಲು ಆಗುವುದಿಲ್ಲ ಎಂದು ಅವರೆಲ್ಲರ ತಕರಾರು ಇತ್ತು. ಈಚಿನ ಕೆಲವು ತಿಂಗಳುಗಳಿಂದ ತಕರಾರು ನಿಂತಿತ್ತು. ಕೇಳಿದಾಗ ಬ್ಯಾಟರಿ ಬದಲಾಗಿದೆ ಎಂದು ಮಗ ನನಗೆ ತಿಳಿಸಿದ್ದನು.

ಇಂದು ಬೆಳಿಗ್ಗೆ ಒಂಬತ್ತೂವರೆಗೆ ನಾನು ಅಂಗಡಿಯಲ್ಲಿದ್ದಾಗ ಕಬ್ಬೂರದ ಹಾಲಸಿದ್ದ ಎಂಬುವನು ನಮ್ಮಲ್ಲಿ ಕೊಂಡ ಗಾಡಿಯನ್ನು ತಳ್ಳಿಕೊಂಡು ಬಂದನು. ಮುಂದಿನ ಗಾಲಿ ಸೊಟ್ಟಾಗಿತ್ತು. ಹಾಲಿನ ಎರಡೂ ಕ್ಯಾನು ಜಜ್ಜಿಹೋಗಿ, ಅವನ ಪ್ಯಾಂಟು ಹಾಲಿನಿಂದ ತೊಯ್ದಿತ್ತು. ಕಬ್ಬೂರ ರಸ್ತೆಯ ಇಳಿಜಾರಿನಲ್ಲಿ ಹೆಣ್ಣುಮಗಳೊಬ್ಬಳಿಗೆ ಬಡಿದೆನೆಂದೂ, ಬ್ರೇಕ್ ಹಿಡಿದರೂ ಗಾಡಿ ನಿಲ್ಲಲಿಲ್ಲವೆಂದೂ ಹೇಳಿದನು. ಅವಳು ಎಲ್ಲಿ ಎಂದು ಕೇಳಿದೆನು. ಜನರು ರಿಕ್ಷಾದಲ್ಲಿ ಸರ್ಕಾರಿ ದವಾಖಾನೆಗೆ ಒಯ್ದರು, ತಾನು ಮೊದಲು ಗಾಡಿ ರಿಪೇರಿಗೆ ತಂದೆ ಎಂದನು. ನಾನು ಅವನ ಜೊತೆ ಹೆಚ್ಚು ಮಾತನಾಡದೆ ದವಾಖಾನೆಗೆ ಹೋದೆನು.

ಗಾಯಗೊಂಡವಳು ಶೇವಂತಾ, ಕಬ್ಬಿನ ಹೊಲಗಳಲ್ಲಿ ಕಸ ತೆಗೆಯುವ ಕೂಲಿಕಾರಳು. ಎಡಗಾಲಿನ ಮೊಣಕಾಲ ಕೆಳಗಿನ ಎಲುಬು ಮುರಿದಿದೆ. ಆಪರೇಶನ್ ಮಾಡಿ ಉಕ್ಕಿನ ಪಟ್ಟಿ ಕೂಡಿಸಬೇಕು, ಮುಂದಿನ ಸುಗ್ಗಿಯವರೆಗೂ ಕುಕ್ಕುರುಗಾಲಿನಲ್ಲಿ ಕೂಡುವ ಕೆಲಸ ಆಗದು ಎಂದು ಡಾಕ್ಟರರು ತಿಳಿಸಿದರು. ನಾನು ಯಾರೆಂದು ಹೇಳಿದಾಗ ಶೇವಂತಾ, "ಫಟಫಟಿ ಬಂದ್ರ ಕೇಳಸ್ತೈತ್ರಿ ಅಕ್ಕಾರ. ಇದು ಬೆಕ್ಕ ಬಂದಂಗ ಬಂತು. ನಿಮ್ಮ ಅಂಗಡ್ಯಾಗ ಹಾರ್ನ್ ಹಚ್ಚೂದ ಮರತೀರೇನ?" ಎಂದಳು. ಅವಳ ಕಾಲ್ಬೆರಳಿಗೆ ಇನ್ನೂ ಹೊಲದ ಮಣ್ಣು ಹತ್ತಿತ್ತು.

ವಕೀಲರ ಕೈಕೆಳಗೆ ಕೆಲಸ ಮಾಡುವ ಅವಳ ತಮ್ಮ ಸುಧೀರ ಅಲ್ಲಿದ್ದನು. ಸಾವಕಾಶ ಓಡುವ ಬ್ಯಾಟರಿ ಗಾಡಿ ಕಾಯ್ದೆಯಲ್ಲಿ ಮೋಟಾರು ವಾಹನವೇ ಅಲ್ಲ, ಅಂಥದ್ದು ಬಡಿದರೆ ಮೋಟಾರು ಅಪಘಾತದ ಪರಿಹಾರ ಕೇಳಲು ಬರುವುದಿಲ್ಲ ಎಂದು ವಿವರಿಸಿದನು. ಗಾಡಿ ಇಪ್ಪತ್ತೈದಕ್ಕಿಂತ ಜೋರಾಗಿ ಓಡುವಂಥದ್ದೆಂದು ತೋರಿಸಿದರೆ ಮಾತ್ರ ಅಕ್ಕನಿಗೆ ಹಕ್ಕು ಸಿಗುವುದು, ತೋರಿಸುವವರು ಯಾರು ಎಂದು ನನ್ನನ್ನೇ ಕೇಳಿದನು.

ಹನ್ನೆರಡು ಗಂಟೆಗೆ ಅಂಗಡಿಗೆ ತಿರುಗಿ ಬಂದಾಗ ಶಟರ್ ಅರ್ಧ ಎಳೆದಿತ್ತು. ಹಾಲಸಿದ್ದ ಇರಲಿಲ್ಲ. ಕಾಮಣ್ಣ ಅವನ ಗಾಡಿಯ ಸೀಟು ಬಿಚ್ಚಿ, ತುಂಡಾದ ಒಂದು ಬಿಳಿ ವಾಯರಿನ ಎರಡು ತುದಿ ಹಿಡಿದು ಕುಳಿತಿದ್ದನು. ಏನು ಮಾಡುತ್ತಿರುವೆ ಎಂದು ಕೇಳಿದೆನು. "ಜೋಡಸ ಅಂತ ಸಣ್ಣ ಸಾವಕಾರ್ರು ಹೇಳ್ಯಾರ್ರಿ" ಎಂದನು. ತುಂಡು ಮಾಡಿದವರು ಯಾರು ಎಂದಾಗ, "ನಾನ ಮಾಡೇನ್ರಿ. ಇದು ಸ್ಪೀಡ್ ತಡಿಯೂ ವಾಯರ್ರಿ, ಇದು ಇದ್ರ ಗಾಡಿ ಓಡೂದಿಲ್ರಿ, ತೆವಳತೈತಿ. ಹಾಲಿನವ್ರ ಗಾಡಿ ಎಲ್ಲಾವೂ ಹಿಂಗ ಅದಾವು" ಎಂದನು.

ಒಳಗಿನಿಂದ ಮಗ ಬಂದನು. "ಅವ್ವಾ, ನೀ ಮನಿಗಿ ನಡಿ. ವಾಯರ ಜೋಡಿಸಿದ್ರ ಇದು ಸೈಕಲ್ ಲೆಕ್ಕ. ಯಾವ ಕೇಸೂ ನಿಲ್ಲೂದಿಲ್ಲ" ಎಂದನು.

"ಹಂಗಾದ್ರ ಆಕಿ ಕಾಲು ಸೈಕಲ್ ಬಡದ ಮುರೀತೇನಲೇ?" ಎಂದೆನು.

"ಅಂಗಡಿ ನಿನ್ನ ಹೆಸರಲೇ ಐತಿ. ಠಾಣೇದಾಗ ನಿನ್ನ ಹೆಸರ ಬರತೈತಿ, ನಂದಲ್ಲ" ಎಂದನು.

"ಅದಕ್ಕ ನಾ ಹೊಂಟೇನಿ. ನಿನ್ನ ಹೆಸರಿದ್ರ ನಿನ್ನ ಕಳಸ್ತಿದ್ನಿ" ಎಂದು ಹೇಳಿ ಕಾಮಣ್ಣನ ಕೈಯಿಂದ ಇಕ್ಕಳ ತೆಗೆದುಕೊಂಡೆನು.

ಹಾಲಸಿದ್ದ ಇಳಿಜಾರಿನಲ್ಲಿ ಜೋರಾಗಿ ಬಂದದ್ದಕ್ಕೆ ಅವನನ್ನು ಕೇಳಿರಿ. ಆದರೆ ಗಾಡಿಯ ವೇಗ ಹೆಚ್ಚಿಸಿ ಕೊಟ್ಟದ್ದು ನನ್ನ ಅಂಗಡಿ. ವಾಯರನ್ನು ಪಂಚರ ಎದುರು ನೋಡಿ, ಆರ್.ಟಿ.ಓ. ಅಧಿಕಾರಿಗಳಿಗೂ ತೋರಿಸಿ, ನನ್ನ ಮೇಲೆ ಯಾವ ಕಲಂ ಬರುತ್ತದೆಯೋ ಅದನ್ನು ಹಾಕಬೇಕು. ಶೇವಂತಾಳ ಪರಿಹಾರದ ದಾವೆಯಲ್ಲಿ ಅವಳ ಪರವಾಗಿ ಸಾಕ್ಷಿ ಹೇಳುವೆನೆಂದು ಸುಧೀರನಿಗೆ ಫೋನಿನಲ್ಲಿ ತಿಳಿಸಿದ್ದೇನೆ.

ಗಾಡಿಯನ್ನು ಟೆಂಪೋದಲ್ಲಿ ಹೇರಿಸಿ ತಂದಿದ್ದೇನೆ. ವಾಯರು ತುಂಡಾಗಿಯೇ ಇದೆ. ಮಗ ಮತ್ತು ಕಾಮಣ್ಣ ಹೊರಗೆ ಕಟ್ಟಿಗೆಯ ಬಾಂಕಿನ ಮೇಲೆ ಕುಳಿತಿದ್ದಾರೆ. ಅಂಗಡಿಗೆ ಬೀಗ ಹಾಕಿ, ಎರಡೂ ಕೀಲಿಕೈಗಳನ್ನು ತಮ್ಮ ಮೇಜಿನ ಮೇಲೆ ಇಟ್ಟಿದ್ದೇನೆ.

ಹೆಬ್ಬೆಟ್ಟಿಗೆ ಮಸಿ ತಂದ ಪೊಲೀಸರನ್ನು ಹಿಂದೆ ಕಳಿಸಿ, ಈ ಹೇಳಿಕೆಯನ್ನು ನಾನೇ ಓದಿ ನೋಡಿದ್ದೇನೆ. ನಾನು ಹೇಳಿದಂತೆಯೇ ಬರೆದಿದೆ, ಎಲ್ಲವೂ ನಿಜವಿದೆ.

ಸ್ಥಳ: ಚಿಕ್ಕೋಡಿ
ದಿನಾಂಕ: 18-11-2014
ಸಹಿ: ಅಕ್ಕವ್ವ ಮುರಗೆಪ್ಪ ಕಮತೆ