ಕೂಡಿನಿಂದ ಬಂದ ಪೆಟ್ಟಿಗೆಗಳು

ಅಧ್ಯಕ್ಷರ ಕುರ್ಚಿಯಲ್ಲಿರುವ ನಮ್ಮ ಇಗರ್ಜಿಯ ಪೂಜ್ಯ ಪಾದ್ರಿಗಳೇ, ಮಡಗಾಂವಿನಿಂದ ಬಿಸಿಲಲ್ಲಿ ಬಂದು ಇನ್ನೂ ಬೆವರು ಒರೆಸಿಕೊಳ್ಳುತ್ತಿರುವ ಮುಖ್ಯ ಅತಿಥಿಗಳೇ, ಹಳೆಯ ಶಾಲೆಯ ಈ ಎರಡು ಕೋಣೆಗಳನ್ನು ವಸ್ತುಸಂಗ್ರಹಾಲಯ ಮಾಡಿದ ಲೀರಾ ಟೀಚರೇ, ಕಾಯ್ರೊಣ ಊರಿನ ಹಿರಿಯರೇ, ತಾಯಂದಿರೇ, ಮುಂದಿನ ಸಾಲಿನಲ್ಲಿ ಕುಳಿತಿರುವ ಕ್ಲೆಮೆಂತಿನ್ ಬಾಯಿಯವರೇ, ಸಭಿಕರೇ,

ನನಗೆ ಕೊಟ್ಟಿರುವುದು ಹತ್ತು ನಿಮಿಷ. ನಲವತ್ತೆರಡು ವರ್ಷ ಮುಂಬೈಯ ನಮ್ಮೂರ ಕೂಡಿನ ಮ್ಯಾನೇಜರ್ ಆಗಿದ್ದವನಿಗೆ ಹತ್ತು ನಿಮಿಷ ಸಾಲುತ್ತದೆಯೇ? ಆದರೆ ಟೀಚರು ಹೇಳಿದ್ದಾರೆ, “ರೋಕ್ ಬಾಬ್, ಇತಿಹಾಸ ಮಾತ್ರ ಹೇಳಿ, ನಿಮ್ಮ ತಿಗಣೆ ಪುರಾಣ ಬೇಡ” ಎಂದು. ಹಾಗಾಗಿ ತಿಗಣೆಗಳನ್ನು ಬಿಟ್ಟು ಉಳಿದದ್ದನ್ನು ಹೇಳುತ್ತೇನೆ.

ಕೂಡ್ ಎಂದರೆ ಏನೆಂದು ಈಗಿನ ಮಕ್ಕಳಿಗೆ ಗೊತ್ತಿಲ್ಲ. ಧೋಬಿ ತಲಾವಿನ ಒಂದು ಕಟ್ಟಡದ ಮೂರನೆಯ ಮಹಡಿ. ಒಂದು ಉದ್ದನೆಯ ಕೋಣೆ. ಒಂದು ತುದಿಯಲ್ಲಿ ಪ್ರಾರ್ಥನೆಯ ಅಲ್ತಾರ್, ಇನ್ನೊಂದು ತುದಿಯಲ್ಲಿ ನಲ್ಲಿ. ನಡುವೆ ನೆಲದ ಮೇಲೆ ನಮ್ಮೂರ ಗಂಡಸರು. ಹಡಗಿನ ಕೆಲಸ ಸಿಗುವವರೆಗೆ ಅಲ್ಲಿ ಮಲಗುವುದು, ಸಿಕ್ಕಿದ ಮೇಲೆ ಪೆಟ್ಟಿಗೆಯನ್ನು ಗೋಡೆಗೆ ಒತ್ತಿ ಇಟ್ಟು, ಕೀಲಿಕೈಯನ್ನು ಮ್ಯಾನೇಜರಿಗೆ ಕೊಟ್ಟು ಸಮುದ್ರಕ್ಕೆ ಹೋಗುವುದು. ಸಂಜೆ ಏಳೂವರೆಗೆ ಜಪಸರ. ಕುಡಿದು ಬಂದವರು ಹಿಂದೆ ನಿಲ್ಲಬೇಕು. ಕೆಲವು ದಿನ ಮುಂದೆ ನಾನೊಬ್ಬನೇ ಇರುತ್ತಿದ್ದೆ, ಊರೆಲ್ಲ ಹಿಂದೆ.

ನಗುತ್ತೀರಿ. ನಗಿ. ನಿಮ್ಮ ಅಪ್ಪಂದಿರೂ ಹಿಂದೆಯೇ ನಿಂತವರು.

ಆ ಕೂಡನ್ನು ಹೋದ ವರ್ಷ ಮುಚ್ಚಿದೆವು. ಗೋಡೆಯ ಹತ್ತಿರ ಹತ್ತೊಂಬತ್ತು ಪೆಟ್ಟಿಗೆಗಳು ಉಳಿದಿದ್ದವು. ಲಾರಿಯಲ್ಲಿ ಬಂದವು. ಇಂದು ನೀವು ನೋಡುತ್ತಿರುವುದು ಅವನ್ನೇ. ಟೀಚರು ಇದನ್ನು ಕಲಾ ಪ್ರದರ್ಶನವೂ ಹೌದು ಎಂದು ಆಮಂತ್ರಣದಲ್ಲಿ ಅಚ್ಚು ಹಾಕಿಸಿದಾಗ ನನಗೆ ನಗು ಬಂತು. ಆಮೇಲೆ ಸಾಲಾಗಿ ಇಟ್ಟು ನೋಡಿದೆ. ನಿಜ. ಒಬ್ಬೊಬ್ಬನೂ ಹಡಗಿನ ಮಿಕ್ಕ ಬಣ್ಣದಲ್ಲಿ ಮುಚ್ಚಳದ ಮೇಲೆ ಏನಾದರೂ ಬರೆದಿದ್ದಾನೆ. ಒಬ್ಬ ಹೆಂಡತಿಯ ಹೆಸರು, ಒಬ್ಬ ಮೀನು, ಒಬ್ಬ ಗಿಟಾರು. ಹದಿನಾಲ್ಕನೆಯ ಪೆಟ್ಟಿಗೆಯ ಮೇಲೆ ನಮ್ಮೂರ ಗುಡ್ಡದ ಪುಟ್ಟ ಇಗರ್ಜಿ, ನಮ್ಮ ಕಪೇಲು ಇದೆ, ಅದರ ಬೆನ್ನಿಗೇ ಸಮುದ್ರ ಇದೆ. ನಮ್ಮ ಕಪೇಲಿನ ಹಿಂದೆ ಇರುವುದು ಗೇರುತೋಟ, ನಿಮಗೆಲ್ಲ ಗೊತ್ತು. “ಯಾಕಪ್ಪಾ ಹಿಂಗೆ ಬರ್ದೆ?” ಎಂದು ನಾನು ಕೇಳಿದ್ದೆ. “ಸಮುದ್ರ ಮನೆ ಹತ್ರಾನೇ ಇದ್ದಿದ್ರೆ ದಿನಾ ರಾತ್ರಿ ಊಟಕ್ಕೆ ಬರ್ತಿದ್ನಲ್ಲ ರೋಕ್, ಅದ್ಕೆ” ಎಂದ. ಹಾಗೆ ಹೇಳಿದವನು ಬೊಸ್ತ್ಯಾಂವ್. ಕ್ಲೆಮೆಂತಿನ್ ಬಾಯಿಯವರ ಗಂಡ.

ಇಲ್ಲಿ ಒಂದು ವಿಷಯ ಹೇಳಬೇಕು. ಆ ಪೆಟ್ಟಿಗೆಯ ಕೆಳಗೆ ಟೀಚರು ಒಂದು ಚೀಟಿ ಅಂಟಿಸಿದ್ದಾರೆ: “ಮಾಲೀಕರು: ಬೊಸ್ತ್ಯಾಂವ್ ರೆಬೆಲ್ಲೊ. ಹಡಗಿಗೆ ಹೋದದ್ದು ೧೯೮೧. ಇನ್ನೂ ಮರಳಿಲ್ಲ.” ಅಕ್ಷರ ಚೆನ್ನಾಗಿದೆ. ಮಾಹಿತಿ ಕೊಟ್ಟವನು ನಾನೇ. ಆ ಚೀಟಿಗೆ ನನ್ನ ಆಕ್ಷೇಪಣೆ ಇದೆ.

ನಮ್ಮ ಕೂಡಿಗೆ ನಿಯಮಗಳಿದ್ದವು. ಬರೆದಿಟ್ಟ ನಿಯಮಗಳು ಗೋಡೆಯ ಮೇಲಿದ್ದವು, ಅವನ್ನು ಯಾರೂ ಪಾಲಿಸುತ್ತಿರಲಿಲ್ಲ. ಬರೆಯದ ನಿಯಮಗಳನ್ನು ಎಲ್ಲರೂ ಪಾಲಿಸುತ್ತಿದ್ದರು. ಅವುಗಳಲ್ಲಿ ಒಂದು, ಊರ ಇಗರ್ಜಿಯ ಹಬ್ಬ, ಅಂದರೆ ಫೆಸ್ತಿನ ನೊವೆನಾ ಪ್ರಾರ್ಥನೆ ನಡೆಯುವ ಒಂಬತ್ತು ದಿನ ಕೂಡಿನಿಂದ ಊರಿಗೆ ಸಾವಿನ ಸುದ್ದಿ ಹೋಗಬಾರದು. ಹೋದರೆ ಫೆಸ್ತು ನಿಲ್ಲುತ್ತದೆ, ಬ್ಯಾಂಡಿನವರು ವಾಪಸು ಹೋಗುತ್ತಾರೆ, ಕೊಯ್ದ ಹಂದಿ ಹಾಳು. ಹತ್ತನೆಯ ದಿನ ಹೇಳಿದರಾಯಿತು. ನನ್ನ ಹಿಂದಿನ ಮ್ಯಾನೇಜರೂ ಹಾಗೆಯೇ ಮಾಡಿದ, ಅವನ ಹಿಂದಿನವನೂ ಹಾಗೆಯೇ ಮಾಡಿದ. ಅದರಲ್ಲಿ ತಪ್ಪೇನಿದೆ? ಸತ್ತವನು ಒಂಬತ್ತು ದಿನ ಕಾಯಲಾರನೇ?

ಎಂಬತ್ತೊಂದನೆಯ ಇಸವಿಯ ನೊವೆನಾದ ಎರಡನೆಯ ದಿನ ಕೂಡಿಗೆ ಒಂದು ತಂತಿ ಬಂತು. ನಮ್ಮ ನಾವಿಕರೆಲ್ಲ ಹಡಗಿನ ಕಂಪನಿಗೆ ಕೊಡುತ್ತಿದ್ದದ್ದು ಕೂಡಿನ ವಿಳಾಸವನ್ನೇ. ಬಿರುಗಾಳಿಯಲ್ಲಿ ಡೆಕ್ಕಿನಿಂದ ಸಮುದ್ರಕ್ಕೆ ಬಿದ್ದರು, ಎರಡು ದಿನ ಹುಡುಕಿದೆವು, ನಿಲ್ಲಿಸಿದ್ದೇವೆ ಎಂದು ಅದರಲ್ಲಿತ್ತು. ಹೆಸರು ಬೊಸ್ತ್ಯಾಂವ್ ರೆಬೆಲ್ಲೊ.

ಕ್ಲೆಮೆಂತಿನ್ ಬಾಯ್, ದಯವಿಟ್ಟು ಕುಳಿತುಕೊಳ್ಳಿ. ಯಾರಾದರೂ ಅವರಿಗೆ ನೀರು ಕೊಡಿ.

ಮುಗಿಸಿಬಿಡುತ್ತೇನೆ. ಈಗ ನಿಲ್ಲಿಸಿದರೆ ಇನ್ನೊಮ್ಮೆ ಶುರುಮಾಡಲು ನನ್ನಿಂದ ಆಗುವುದಿಲ್ಲ.

ತಂತಿಯನ್ನು ಜೇಬಿನಲ್ಲಿ ಇಟ್ಟುಕೊಂಡೆ. ಒಂಬತ್ತು ದಿನ ಕಳೆಯಿತು. ಫೆಸ್ತು ಮುಗಿದ ಮೂರನೆಯ ದಿನ ಅಂಚೆಯಲ್ಲಿ ಕ್ಲೆಮೆಂತಿನ್ ಬಾಯಿಯವರ ಎರಡು ಕಾಗದ ಬಂದವು. ಒಂದು ಬೊಸ್ತ್ಯಾಂವನಿಗೆ, ಒಂದು ನನಗೆ. ನನ್ನದರಲ್ಲಿ ಹೀಗಿತ್ತು: “ರೋಕ್ ಬಾಬ್, ಫೆಸ್ತು ಚೆನ್ನಾಗಾಯ್ತು. ಅವ್ರು ಕಾಗದ ಬರ್ದಿದಾರಾ? ಮನೆಗೆ ಹೊಸ ಹೆಂಚು ಹಾಕ್ಸಿದೀನಿ ಅಂತ ಹೇಳಿ. ನೀವು ಫೆಸ್ತಿಗೂ ಬರ್ಲಿಲ್ಲ, ನಿಮ್ಗೆ ಬೆಬಿಂಕ ಎತ್ತಿಟ್ಟಿದ್ದೆ, ಇರುವೆ ತಿಂತು.” ಇಂಥ ಕಾಗದಕ್ಕೆ ಸಾವನ್ನು ಉತ್ತರವಾಗಿ ಬರೆಯುವುದು ಹೇಗೆ? ಕ್ರಿಸ್ಮಸ್ ಮುಗಿಯಲಿ ಎಂದುಕೊಂಡೆ. ಕ್ರಿಸ್ಮಸ್ ಮುಗಿದ ಮೇಲೆ ಈಸ್ಟರ್ ಕಳೆಯಲಿ ಎಂದುಕೊಂಡೆ. ನಮಗೆ ಹಬ್ಬಗಳಿಗೆ ಬರವೇ, ಹೇಳಿ? “ಸುದ್ದಿ ಇಲ್ಲ, ಹಡಗು ದೂರದಲ್ಲಿದೆ” ಎಂದು ಎರಡು ಸಾಲು ಬರೆದೆ.

ಅವರು ಮತ್ತೆ ಬರೆದರು. ನಾನು ಮತ್ತೆ ಅದನ್ನೇ ಬರೆದೆ. ತಿಂಗಳಿಗೆ ಒಂದು ಕಾಗದ, ಕೆಲವೊಮ್ಮೆ ಎರಡು. ಅವನಿಗೆ ಬಂದದ್ದನ್ನು ಒಡೆಯದೆ ಅವನ ಪೆಟ್ಟಿಗೆಗೆ ಹಾಕುತ್ತಿದ್ದೆ, ಮೊದಲೇ ಅದರೊಳಗೆ ಅಡಗಿಸಿಟ್ಟ ತಂತಿಯ ಮೇಲೆ. ನನಗೆ ಬಂದದ್ದರಲ್ಲಿ ಬಾವಿ ಬತ್ತಿದ ವಿಷಯ, ಅತ್ತೆಯ ಕಾಲುನೋವು, ಪಕ್ಕದ ಮನೆಯ ಹಂದಿ ಬೇಲಿ ಮುರಿದದ್ದು, ಎಲ್ಲ ಇರುತ್ತಿತ್ತು. ಸಭಿಕರೇ, ನಾನು ಮದುವೆಯಾದವನಲ್ಲ. ಮ್ಯಾನೇಜರಿಗೆ ಕಾಗದ ಯಾರು ಬರೆಯುತ್ತಾರೆ? ಮುನಿಸಿಪಾಲಿಟಿಯವರು ಬರೆಯುತ್ತಾರೆ. ಮೂರನೆಯ ಮಹಡಿಯ ಮೆಟ್ಟಿಲ ಮೇಲೆ ಅಂಚೆಯವನ ಚಪ್ಪಲಿಯ ಸದ್ದು ಕೇಳಿದರೆ ನಾನು ಎದ್ದು ನಿಲ್ಲುತ್ತಿದ್ದೆ. ಇದನ್ನು ಏಕೆ ಹೇಳುತ್ತಿದ್ದೇನೆಂದರೆ, ಇತಿಹಾಸಕ್ಕೆ ಇದೂ ಸೇರಬೇಕಲ್ಲ. ಟೀಚರೇ, ಹಾಗೆ ನೋಡಬೇಡಿ.

ಊರಿನಲ್ಲಿ ಏನಾಯಿತು? ಅದನ್ನು ನೀವು ಬಲ್ಲಿರಿ. ತಾವೆರ್ನದಲ್ಲಿ ಕುಡಿಯುತ್ತ ಕುಳಿತು ಮಾತಾಡಿದವರು ಇಲ್ಲಿ ಕೆಲವರಿದ್ದಾರೆ. “ಬೊಸ್ತ್ಯಾಂವ್ ಲಿಸ್ಬನ್ನಿನಲ್ಲಿ ಬಿಳಿ ಹೆಂಗಸನ್ನ ಇಟ್ಕೊಂಡಿದಾನೆ ಕಣ್ರೋ, ಇನ್ನೆಲ್ಲಿ ಬರ್ತಾನೆ!” ಒಂದು ಸಲ ರಜೆಗೆ ಬಂದಾಗ ಆ ಮಾತು ನನ್ನ ಎದುರಿಗೇ ಬಂತು. ನಾನು ಫೆನ್ನಿಯ ಲೋಟ ನೋಡುತ್ತ ಕುಳಿತೆ. ಸತ್ತ ಸ್ನೇಹಿತನ ಪರವಾಗಿ ಒಂದು ಮಾತು ಆಡಲಿಲ್ಲ. ಅಂದೇ ಹೇಳಿಬಿಡಬೇಕೆಂದು ಕ್ಲೆಮೆಂತಿನ್ ಬಾಯಿಯವರ ಮನೆಗೆ ಹೋದೆ. ಇವರು ಅಂಗಳದಲ್ಲಿ ಕೋಕಂ ಒಣಗಿಸುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ, “ಊರವರು ಹೇಳೋದು ನನ್ನ ಕಿವಿಗೂ ಬಿದ್ದಿದೆ ರೋಕ್ ಬಾಬ್. ಇಟ್ಕೊಂಡಿದ್ರೆ ಇಟ್ಕೊಳ್ಲಿ ಬಿಡಿ. ಬದುಕಿದಾರಲ್ಲ, ಸಾಕು” ಎಂದರು. ನಾನು ಕೋಕಂ ಶರಬತ್ತು ಕುಡಿದು ಎದ್ದು ಬಂದೆ.

ನಮ್ಮಲ್ಲಿ ಗಂಡ ಸತ್ತ ಹೆಂಗಸು ಕಪ್ಪು ಉಡುತ್ತಾಳೆ. ಇವರು ನಲವತ್ತೊಂದು ವರ್ಷದಿಂದ ಹೂವಿನ ಫ್ರಾಕು ತೊಟ್ಟು ಇಗರ್ಜಿಗೆ ಬರುತ್ತಿದ್ದಾರೆ. ಹೆಂಗಸರು ಹಿಂದಿನಿಂದ ನಕ್ಕಿದ್ದಾರೆ. ಇಂದೂ ನೀಲಿ ಹೂವಿನದೇ ತೊಟ್ಟಿದ್ದಾರೆ. ಅವರ ತಲೆ ಬೆಳ್ಳಗಾದದ್ದು ಅದೇ ಹೂವುಗಳ ನಡುವೆ. ಇದಕ್ಕೆಲ್ಲ ನಾನು ಕಾರಣ. ಫೆಸ್ತು ಕಾರಣವಲ್ಲ, ನಿಯಮ ಕಾರಣವಲ್ಲ. ನಿಯಮ ಒಂಬತ್ತು ದಿನಕ್ಕೆ ಮುಗಿದಿತ್ತು.

ಈ ಸಮಾರಂಭದ ಕೊನೆಯಲ್ಲಿ ಮುಖ್ಯ ಅತಿಥಿಗಳು ಪೆಟ್ಟಿಗೆಗಳ ಬೀಗ ತೆಗೆಯುತ್ತಾರೆ ಎಂದು ಪಟ್ಟಿಯಲ್ಲಿದೆ. ಅದಕ್ಕೆ ಹೆದರಿ ಹೇಳುತ್ತಿದ್ದಾನೆ ಎಂದು ನೀವು ಅಂದುಕೊಳ್ಳಬಹುದು. ಅರ್ಧ ನಿಜ. ಕೀಲಿಕೈ ನನ್ನ ಹತ್ತಿರವೇ ಇತ್ತು. ಮೊನ್ನೆ ಮಧ್ಯಾಹ್ನ ಇಲ್ಲಿಗೆ ಒಬ್ಬನೇ ಬಂದು ಹದಿನಾಲ್ಕನೆಯದರ ಬೀಗ ತೆಗೆದೆ. ತಂತಿಯನ್ನು ಕೈಗೆ ತೆಗೆದುಕೊಂಡೆ. ಮನೆಯಲ್ಲಿ ಒಲೆ ಉರಿಯುತ್ತಿತ್ತು, ಒಯ್ದು ಹಾಕಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆಗ ಬಾಗಿಲಲ್ಲಿ ಕ್ಲೆಮೆಂತಿನ್ ಬಾಯಿ ಕಂಡರು, ಕೈಯಲ್ಲಿ ಒದ್ದೆ ಬಟ್ಟೆ. ನಾನು ಗಡಬಡಿಸಿ ತಂತಿಯನ್ನು ಒಳಗೆ ತುರುಕಿ ಮುಚ್ಚಳ ಹಾಕಿದೆ. ಇವರು ಕಪೇಲಿನ ಮೇಲಿನ ಧೂಳು ಒರೆಸುತ್ತ, “ಬೀಗ ಅವ್ರು ಬಂದೇ ತೆಗೀಲಿ ರೋಕ್ ಬಾಬ್. ಅಷ್ಟೊಂದು ಜನ್ರ ಎದುರು ಬೇರೆಯವ್ರು ತೆಗೆಯೋದು ಬೇಡ. ಟೀಚರಿಗೆ ನೀವೇ ಹೇಳಿ, ನಿಮ್ಮ ಮಾತು ಕೇಳ್ತಾರೆ” ಎಂದರು. ಬೊಸ್ತ್ಯಾಂವ್ ಬರುವವನಲ್ಲವೆಂದು ತಿಳಿದೂ ಹೇಳುತ್ತೇನೆ ಎಂದು ಮಾತು ಕೊಟ್ಟೆ. ಅವರಿಗೆ ನಾನು ಹೇಳಿದ ಕೊನೆಯ ಸುಳ್ಳು ಅದು.

ಕೀಲಿಕೈ ಇಲ್ಲಿ, ಈ ಮೇಜಿನ ಮೇಲಿಡುತ್ತಿದ್ದೇನೆ. ಮುಖ್ಯ ಅತಿಥಿಗಳು ಕ್ಷಮಿಸಬೇಕು, ಹದಿನಾಲ್ಕನೆಯದನ್ನು ಬಿಟ್ಟುಬಿಡಿ. ಅದನ್ನು ತೆಗೆಯುವುದೋ ಬಿಡುವುದೋ ಕ್ಲೆಮೆಂತಿನ್ ಬಾಯಿಯವರಿಗೆ ಸೇರಿದ್ದು. ಅವನಿಗೆ ಬರೆದ ಕಾಗದಗಳು ಒಳಗಿವೆ. ನನಗೆ ಬರೆದವು ನನ್ನ ಮನೆಯಲ್ಲಿವೆ. ಪ್ರದರ್ಶನಕ್ಕೆ ಟೀಚರು ಕೇಳಿದ್ದರು, ಕೊಡಲಿಲ್ಲ. ಇವರು ಕೇಳಿದರೆ ಕೊಡುತ್ತೇನೆ.

ಇನ್ನು ವಂದನಾರ್ಪಣೆ. ಕರೆದ ಟೀಚರಿಗೆ, ಸಹಿಸಿಕೊಂಡ ನಿಮಗೆ ಧನ್ಯವಾದ. ಪಾದ್ರಿಗಳೇ, ನಿಮ್ಮನ್ನು ಕೇಳದೆ ಒಂದು ಕೆಲಸ ಮಾಡಿದ್ದೇನೆ, ಬೈಯುವುದಾದರೆ ಆಮೇಲೆ ಬೈಯಿರಿ. ಗಂಟೆ ಬಾರಿಸುವ ಮಿಂಗೆಲ್ ಇಗರ್ಜಿಯ ಗೋಪುರದ ಕೆಳಗೆ ಹಗ್ಗ ಹಿಡಿದು ನಿಂತಿದ್ದಾನೆ. ಸತ್ತವರ ಗಂಟೆ ಬಾರಿಸಬೇಕು ಎಂದಾಗ, “ಯಾರಿಗೆ ಬಾಬ್? ಊರಲ್ಲಿ ಯಾರೂ ಸತ್ತಿಲ್ವಲ್ಲ” ಎಂದ. ಮೈಕಿನಲ್ಲಿ ಕೇಳುತ್ತಿರು, ನಾನು ನಮಸ್ಕಾರ ಎಂದ ಕೂಡಲೇ ಶುರುಮಾಡು ಎಂದಿದ್ದೇನೆ. ಗಂಟೆ ಬಾರಿಸುವವರೆಗೆ ನಮ್ಮೂರಿನಲ್ಲಿ ಯಾರೂ ಸತ್ತಂತಲ್ಲ. ಹತ್ತು ನಿಮಿಷದ ಮಾತನ್ನು ನಾನು ಇಷ್ಟು ಎಳೆದದ್ದು ಏಕೆಂದು ಈಗ ನಿಮಗೆ ತಿಳಿದಿರಬೇಕು.

ಕ್ಲೆಮೆಂತಿನ್ ಬಾಯ್, ಇನ್ನು ತಡಮಾಡುವುದಿಲ್ಲ. ಎಲ್ಲರಿಗೂ ದೇವ್ ಬರೆಂ ಕರುಂ, ದೇವರು ಒಳ್ಳೆಯದು ಮಾಡಲಿ. ನಮಸ್ಕಾರ.